ಸ್ಲೊವೇನಿಯಾದ ಕಾಡಿನಲ್ಲೂ ಉಣುಗು ಇದೆ

ಹೊರಡುವ ಮೊದಲು ಊರಲ್ಲಿ ಎಲ್ಲರೂ ಕೇಳಿದ್ದು ಮೂರೇ ಪ್ರಶ್ನೆ. ಚಳಿ ಎಷ್ಟು, ಕಳ್ಳರಿದ್ದಾರಾ, ಊಟಕ್ಕೆ ಏನು ಮಾಡ್ತೀರಿ. ಮೂರಕ್ಕೂ ಉತ್ತರ ಬರೆಯುತ್ತೇವೆ, ಆದರೆ ಬೇಗ ಮುಗಿಸುತ್ತೇವೆ. ಸ್ಲೊವೇನಿಯಾದಲ್ಲಿ ಹನ್ನೆರಡು ದಿನ ತಿರುಗಿ ಬಂದ ನಮಗೆ ಆಮೇಲೆ ಒಂದು ತಿಂಗಳು ನಿದ್ದೆ ಕೆಡಿಸಿದ್ದು ಬೇರೆಯೇ ಒಂದು. ಮಲೆನಾಡಿನವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಣುಗು.

ನಾವು ಅಂದರೆ ಮೂವರು. ಒಂದೇ ಡಿಪ್ಲೊಮಾ ಬ್ಯಾಚು, ಮೂರು ಜಿಲ್ಲೆಯ ಸ್ಟ್ರಿಂಗರ್‌ಗಳು. ಒಬ್ಬರು ಸಾಗರ ಕಡೆ, ಒಬ್ಬ ಸಿದ್ದಾಪುರದವ, ಇನ್ನೊಬ್ಬ ಹಡಗಲಿಯವ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವವರು ಯುರೋಪಿಗೆ ಹೇಗೆ ಹೋದರು ಎಂದು ನೀವು ಕೇಳುವುದು ಸರಿಯೇ. ಹಳ್ಳಿ ವರದಿಗಾರರಿಗೆಂದು ಒಂದು ತರಬೇತಿ ಇತ್ತು, ಟಿಕೆಟ್ ಕರೆದವರದ್ದು. ಐದು ದಿನ ತರಬೇತಿ, ಉಳಿದದ್ದು ನಮ್ಮ ತಿರುಗಾಟ.

ದೇಶ ಎಷ್ಟು ಚಿಕ್ಕದು ಅಂದರೆ, ಶಿವಮೊಗ್ಗ ಜಿಲ್ಲೆಯಂಥ ಎರಡೂವರೆ ಜಿಲ್ಲೆ ಸೇರಿಸಿದರೆ ಮುಗಿಯಿತು. ಜನಸಂಖ್ಯೆ 21 ಲಕ್ಷದ ಆಸುಪಾಸು. 1991ರವರೆಗೆ ಯುಗೊಸ್ಲಾವಿಯಾದ ಭಾಗವಾಗಿತ್ತು. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾ ಸುತ್ತ ಇವೆ. ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ರಾಜಧಾನಿ ಲ್ಯೂಬ್ಲಿಯಾನಾದಿಂದ ಬಸ್ಸು ಹತ್ತಿ ಅರ್ಧ ಗಂಟೆ ಕೂತರೆ ಎರಡೂ ಕಡೆ ಹಸಿರೇ ಹಸಿರು. ಸಿದ್ದಾಪುರದವ ಕಿಟಕಿಯಲ್ಲಿ ನೋಡುತ್ತಾ, "ನಮ್ಮ ಘಟ್ಟಕ್ಕೆ ಇಸ್ತ್ರಿ ಹಾಕಿ ಇಟ್ಟಂಗಿದೆ ಮಾರಾಯ" ಅಂದ.

ಈಗ ಆ ಮೂರು ಪ್ರಶ್ನೆ. ನಾವು ಹೋದದ್ದು ಜೂನ್‌ನಲ್ಲಿ. ಹಗಲು ಚಳಿ ಇಲ್ಲ, ಬೆಟ್ಟದ ಮೇಲೆ ಸಂಜೆಗೆ ಸ್ವೆಟರ್ ಬೇಕು. ಪೊಸ್ತೊಯ್ನಾ ಎಂಬಲ್ಲಿ ದೊಡ್ಡ ಗುಹೆ ಇದೆ, ಅದರೊಳಗೆ ಬೇಸಿಗೆಯಲ್ಲೂ 10 ಡಿಗ್ರಿಯಷ್ಟೇ. ಜಾಕೆಟ್ ಇಲ್ಲದೆ ಹೋದರೆ ಒಂದೂವರೆ ಗಂಟೆ ನಡುಗುವುದೇ ಕೆಲಸ. ಕಳ್ಳರ ವಿಷಯ: ಮೆಜೆಸ್ಟಿಕ್‌ನಲ್ಲಿ ಪರ್ಸ್ ಹೇಗೆ ಹಿಡಿದುಕೊಳ್ಳುತ್ತೀರೋ ಹಾಗೆ ಹಿಡಿದುಕೊಂಡರೆ ಸಾಕು. ಅಲ್ಲಿ ನಮಗೆ ಭಯ ಆದದ್ದು ಸೈಕಲ್‌ನವರದ್ದು. ಫುಟ್‌ಪಾತ್‌ನ ಪಕ್ಕದಲ್ಲೇ ಅವರಿಗೆ ಬೇರೆ ದಾರಿ ಇದೆ. ಅದರ ಮೇಲೆ ನಿಂತು ಫೋಟೊ ತೆಗೆಯಲು ಹೋದರೆ ಸದ್ದಿಲ್ಲದೆ ಬಂದು ಗುದ್ದುತ್ತಾರೆ, ತಪ್ಪೂ ನಮ್ಮದೇ ಆಗುತ್ತದೆ.

ಊಟಕ್ಕೆ, ಸಸ್ಯಾಹಾರಿಗಳು "ಬ್ರೆಜ್ ಮೆಸಾ" ಎಂಬ ಎರಡು ಶಬ್ದ ಕಲಿಯಿರಿ. ಮಾಂಸ ಇಲ್ಲದೆ ಎಂದು ಅರ್ಥ. ಜ್ಗಾನ್ಸಿ ಅಂತ ಒಂದು ಹಿಟ್ಟಿನ ಅಡುಗೆ ಇದೆ, ನೋಡಲು ಉದುರು ಮುದ್ದೆಯ ಹಾಗೆ. ನಮ್ಮವ ಖುಷಿಯಲ್ಲಿ ಕೈ ಹಾಕಲು ಹೋದ. ಮೇಲೆ ಉದುರಿಸಿದ್ದು ಹುರಿದ ಹಂದಿ ಕೊಬ್ಬಿನ ಚೂರು. ಕೇಳಿಯೇ ತಿನ್ನಬೇಕು. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರೇ ಚೆನ್ನಾಗಿದೆ. 2016ರಲ್ಲಿ ಆ ದೇಶ ಕುಡಿಯುವ ನೀರಿನ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿಕೊಂಡಿದೆ. ಟ್ಯಾಂಕರ್ ನೀರಿನ ಸುದ್ದಿ ಬರೆದು ಬರೆದು ಬೇಸತ್ತಿರುವ ಹಡಗಲಿಯವ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಕಾಗದಪತ್ರದ ಮಾತು ಒಂದೇ ಒಂದು. ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯುರೊ ಚಿಕಿತ್ಸೆ ಖರ್ಚು ಭರಿಸುವ ಪ್ರವಾಸ ವಿಮೆ ಮಾಡಿಸಲೇಬೇಕು. ವೀಸಾಕ್ಕೆ ಬೇಕು ಅಂತ ಮಾಡಿಸಿ ಏಜೆಂಟರ ಹತ್ತಿರವೇ ಬಿಟ್ಟು ಹೋಗುವವರು ಬಹಳ ಜನ. ಪಾಲಿಸಿ ನಂಬರ್ ಮತ್ತು ವಿಮೆಯವರ ಫೋನ್ ನಂಬರ್ ಮೊಬೈಲ್‌ನಲ್ಲೂ ಇರಲಿ, ಒಂದು ಚೀಟಿಯಲ್ಲೂ ಇರಲಿ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗಳನ್ನು ಪೂರ್ತಿ ದಿನಕ್ಕೆ ಲೆಕ್ಕ ಹಾಕಿ, ಡಾಕ್ಟರ ಚೀಟಿ ಸಮೇತ ಒಯ್ಯಿರಿ. ನಮ್ಮ ಮೆಡಿಕಲ್ ಶಾಪಿನ ಹಾಗೆ "ಅಣ್ಣಾ, ಜ್ವರಕ್ಕೆ ಎರಡು ಆ್ಯಂಟಿಬಯಾಟಿಕ್ ಕೊಡು" ಅಂದರೆ ಅಲ್ಲಿ ಕೊಡುವುದಿಲ್ಲ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಆಂಬುಲೆನ್ಸಿಗೂ, ಬೆಂಕಿಗೂ, ಬೆಟ್ಟದಲ್ಲಿ ಸಿಕ್ಕಿಬಿದ್ದರೂ 112. ಪೊಲೀಸರಿಗೆ 113.

ಇಷ್ಟು ಸಾಕು. ಈಗ ಉಣುಗಿನ ವಿಷಯಕ್ಕೆ ಬರೋಣ.

ತರಬೇತಿಯಲ್ಲಿ ಬೇರೆ ಬೇರೆ ದೇಶದವರು ಇದ್ದರು. ಬೋಹಿನ್ ಸರೋವರದ ಕಡೆ ಹೋಗುತ್ತೇವೆ ಎಂದಾಗ ಎಲ್ಲರೂ ಕೇಳಿದ್ದು ಕರಡಿ ಬಗ್ಗೆ. ಸ್ಲೊವೇನಿಯಾದಲ್ಲಿ ಕರಡಿಗಳಿವೆ, ಹೆಚ್ಚಾಗಿ ದಕ್ಷಿಣದ ಕಾಡುಗಳಲ್ಲಿ. ಮಾತಾಡುತ್ತಾ ಸದ್ದು ಮಾಡುತ್ತಾ ನಡೆದರೆ ಅವೇ ದೂರ ಹೋಗುತ್ತವೆ, ನಮ್ಮ ಕಾಡಿನ ಪ್ರಾಣಿಗಳ ಹಾಗೆಯೇ. ಆದರೆ ತ್ರಿಗ್ಲಾವ್ ಬೆಟ್ಟದ ಬುಡದಲ್ಲಿ ನಾವು ಉಳಿದ ತೋಟದ ಮನೆಯ ಅಜ್ಜಿ ಕರಡಿ ಹೆಸರೇ ಎತ್ತಲಿಲ್ಲ. ನಮ್ಮ ಹವಾಯಿ ಚಪ್ಪಲಿ ನೋಡಿ, ಹುಲ್ಲಿನ ಕಡೆ ಕೈ ತೋರಿಸಿ, "ಕ್ಲೋಪ್, ಕ್ಲೋಪ್" ಅಂದರು. ಬೆರಳ ತುದಿಯಲ್ಲಿ ಗಸಗಸೆಯಷ್ಟು ಜಾಗ ಮಾಡಿ ತೋರಿಸಿ, ತೋಳಿಗೆ ಚುಚ್ಚಿದ ಹಾಗೆ ಮಾಡಿದರು.

ನಮ್ಮಿಬ್ಬರಿಗೆ ಅಷ್ಟೇ ಸಾಕಾಯಿತು. ಭಾಷೆ ಬೇಕಾಗಲಿಲ್ಲ. ಸಿದ್ದಾಪುರದವನ ಮುಖ ಸಪ್ಪಗಾಯಿತು. ಅವನ ಚಿಕ್ಕಪ್ಪ ದರಕು ತರಲು ಬೆಟ್ಟಕ್ಕೆ ಹೋಗಿ, ಮಂಗನ ಕಾಯಿಲೆ ಹತ್ತಿಸಿಕೊಂಡು, ಹನ್ನೊಂದನೇ ದಿನಕ್ಕೆ ತೀರಿಕೊಂಡವರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಅಂದುಕೊಂಡದ್ದು ಆಫ್ರಿಕಾದ ಹಳದಿ ಜ್ವರ ಬಂದಿರಬಹುದು ಎಂದು. ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾ ಮತ್ತು ಯುರೋಪಿನ ಕಾಡುಗಳಲ್ಲಿ. ಅಲ್ಲಿ ಆ ರೋಗಕ್ಕೆ ಉಣುಗು ಮೆದುಳು ಜ್ವರ ಎಂದು ಹೆಸರು ಕೊಟ್ಟುಕೊಳ್ಳಬಹುದು. ಎರಡೂ ಒಂದೇ ಮನೆತನದ ವೈರಸ್‌ಗಳು. ನಮ್ಮದು ಮೈಯಲ್ಲಿ ರಕ್ತಸ್ರಾವ ಮಾಡುತ್ತದೆ, ಅಲ್ಲಿಯದು ಮೆದುಳಿಗೆ, ಮೆದುಳಿನ ಪೊರೆಗೆ ಬಾವು ತರುತ್ತದೆ. ಯುರೋಪಿನಲ್ಲಿ ಈ ರೋಗ ಹೆಚ್ಚಾಗಿರುವ ದೇಶಗಳಲ್ಲಿ ಸ್ಲೊವೇನಿಯಾ ಒಂದು.

ಎಂಟು ಸಾವಿರ ಕಿಲೋಮೀಟರ್ ಹಾರಿ ಹೋಗಿ ಇಳಿದದ್ದು ಕ್ಯಾಸನೂರಿನ ನೆಂಟರ ಮನೆಯಲ್ಲೇ ಅನ್ನಿಸಿತು.

ಹಾಗೆಂದು ಹೆದರಿ ಕೋಣೆಯೊಳಗೆ ಕೂರಲಿಲ್ಲ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಮೈಕ್ ಹಿಡಿದು ಹೇಳುವುದನ್ನೇ ಅಲ್ಲಿ ಮಾಡಿದೆವು. ಉದ್ದ ತೋಳಿನ ಅಂಗಿ, ತಿಳಿ ಬಣ್ಣದ ಪ್ಯಾಂಟು. ಬಣ್ಣ ತಿಳಿಯಾಗಿದ್ದರೆ ಹತ್ತಿದ ಉಣುಗು ಕಾಣಿಸುತ್ತದೆ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ನೋಡಲು ಚೆನ್ನಾಗಿಲ್ಲ, ಹಡಗಲಿಯವ ಫೋಟೊಕ್ಕೆಂದು ಎರಡು ಸಲ ಹೊರಗೆ ತೆಗೆದ. ಉಣುಗು ಮರದ ಮೇಲಿಂದ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹುಲ್ಲಿನ ತುದಿಯಲ್ಲಿ, ಮೊಣಕಾಲೆತ್ತರದ ಪೊದೆಯಲ್ಲಿ ಕಾಲು ಚಾಚಿಕೊಂಡು ಕಾಯುತ್ತಿರುತ್ತದೆ. ಆದ್ದರಿಂದ ದಾರಿಯ ನಡುವೆ ನಡೆಯಬೇಕು, ಹುಲ್ಲಿನ ಮೇಲೆ ಕೂರಬಾರದು, ಒರಗಬಾರದು. ಸಿದ್ದಾಪುರದವ ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ಡೇಪಾ ಎಣ್ಣೆ ಬಾಟಲಿಯನ್ನು ಲಗೇಜಿನಲ್ಲಿ ಒಯ್ದಿದ್ದ. ಅದು ಡಿಆರ್‌ಡಿಒ ತಯಾರಿಸಿದ್ದು. ಅಲ್ಲಿಯ ಅಂಗಡಿಗಳಲ್ಲಿ ಡೀಟ್ ಇರುವ ಸ್ಪ್ರೇ ಸಿಗುತ್ತದೆ, ಕೆಲಸ ಒಂದೇ. ಕೈಚೀಲದಲ್ಲಿ ಮಾತ್ರ ಇಡಬೇಡಿ, 100 ಎಂಎಲ್‌ಗಿಂತ ದೊಡ್ಡ ಬಾಟಲಿಯನ್ನು ಏರ್‌ಪೋರ್ಟಿನಲ್ಲಿ ಕಸದ ಬುಟ್ಟಿಗೆ ಹಾಕುತ್ತಾರೆ.

ಎರಡನೇ ದಿನ ಸಂಜೆ ಸ್ನಾನಕ್ಕೆ ಹೋದ ಹಡಗಲಿಯವ ಬಾಗಿಲು ತೆಗೆದು ಕೂಗಿದ. "ಲೇ, ಇಲ್ಲಿ ನೋಡ್ರಲೇ, ಮಚ್ಚಿ ಐತೋ ಏನ್ ಐತೋ." ಎಡ ಮೊಣಕಾಲಿನ ಹಿಂದೆ ಎಳ್ಳು ಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕಿ. ಅದಕ್ಕೆ ಕಾಲುಗಳಿದ್ದವು. ಅವನು ಉಗುರಿನಿಂದ ಕೆರೆಯಲು ಹೋದ.

"ಮುಟ್ಟಬೇಡ!" ಸಿದ್ದಾಪುರದವ ಕೈ ಹಿಡಿದುಕೊಂಡ. "ಹಿಸುಕಿದ್ರೆ ಅದರ ಹೊಟ್ಟೆಲಿರೋದೆಲ್ಲ ನಿನ್ನ ಮೈಗೆ ಬರ್ತದೆ ಮಾರಾಯ."

"ಎಣ್ಣಿ ಹಚ್ಚಿದ್ರ ಬಿಡ್ತೈತಲ್ಲ, ದನಕ್ಕ ನಮ್ಮಪ್ಪ ಹಂಗ ಮಾಡ್ತಿದ್ದ."

ಈ ಮಾತನ್ನು ನಮ್ಮ ಓದುಗರಲ್ಲೂ ಅನೇಕರು ನಂಬಿದ್ದಾರೆ, ಅದಕ್ಕೇ ಬಿಡಿಸಿ ಬರೆಯುತ್ತೇವೆ. ಎಣ್ಣೆ, ಸೀಮೆಎಣ್ಣೆ, ಸುಣ್ಣ, ಬೀಡಿ ತುದಿಯ ಬೆಂಕಿ ಯಾವುದೂ ಬೇಡ. ಅದರಿಂದ ಉಣುಗು ಸುಲಭವಾಗಿ ಬಿಡುವುದಿಲ್ಲ, ಒದ್ದಾಡಿ ಒಳಗಿದ್ದದ್ದನ್ನು ಗಾಯಕ್ಕೆ ಕಕ್ಕುವ ಸಾಧ್ಯತೆ ಇದೆ. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ, ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ಜಗ್ಗಾಡದೆ, ನೇರ ಮೇಲಕ್ಕೆ ನಿಧಾನ ಎಳೆಯಬೇಕು. ಬಾಯಿಯ ಚೂರು ಚರ್ಮದಲ್ಲಿ ಉಳಿದರೆ ಗಾಬರಿಯಿಂದ ಸೂಜಿ ಹಾಕಿ ಕೆದಕಬಾರದು. ಆಮೇಲೆ ಸೋಪು ನೀರಿನಲ್ಲಿ ತೊಳೆದು ಸ್ಪಿರಿಟ್ ಹಚ್ಚುವುದು.

ಅಜ್ಜಿಯ ಮನೆಯಲ್ಲಿ ಇದಕ್ಕೆಂದೇ ಒಂದು ಚಿಮಟ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿತ್ತು. ನಮ್ಮ ಮನೆಗಳಲ್ಲಿ ಕತ್ತರಿ ನೇತಾಡುವ ಹಾಗೆ. ಸಿದ್ದಾಪುರದವನೇ ತೆಗೆದ. ಅವನ ಕೈ ನಡುಗಲಿಲ್ಲ. ಅಜ್ಜಿ ಅದನ್ನು ಟೇಪಿಗೆ ಅಂಟಿಸಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕಕ್ಕೆ ಪೆನ್ನಿನಿಂದ ಗುರುತು ಹಾಕಿ, ನಮಗೂ ಹಾಗೇ ಮಾಡಿ ಎಂದು ಸನ್ನೆ ಮಾಡಿದರು. ಮೊಬೈಲಿನಲ್ಲಿ ಬರೆದುಕೊಂಡೆವು.

ದಿನಾಂಕ ಯಾಕೆ ಮುಖ್ಯ? ಆ ಉಣುಗು ಎರಡು ರೋಗ ಕೊಡಬಹುದು. ಒಂದು ಲೈಮ್. ಅದು ಬ್ಯಾಕ್ಟೀರಿಯಾದ್ದು, ಸಾಮಾನ್ಯವಾಗಿ ಉಣುಗು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ದಾಟುತ್ತದೆ. ಆದ್ದರಿಂದ ದಿನಾ ಸಂಜೆ ಮೈ ನೋಡಿಕೊಂಡರೆ ಬಹುಪಾಲು ಗೆದ್ದ ಹಾಗೆ. ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಹೊಕ್ಕಳು, ಕಿವಿಯ ಹಿಂದೆ, ಕೂದಲ ಅಂಚು ನೋಡಬೇಕು. ಕಚ್ಚಿದ ಜಾಗದ ಸುತ್ತ ಮುಂದಿನ ವಾರಗಳಲ್ಲಿ ಕೆಂಪು ಬಳೆಯಂತೆ ದೊಡ್ಡದಾಗುತ್ತಾ ಹೋದರೆ ಡಾಕ್ಟರಿಗೆ ತೋರಿಸಬೇಕು, ಆ್ಯಂಟಿಬಯಾಟಿಕ್‌ನಲ್ಲಿ ವಾಸಿಯಾಗುತ್ತದೆ.

ಇನ್ನೊಂದು ಆ ಮೆದುಳು ಜ್ವರ. ಇದು ಕಚ್ಚಿದ ಕೆಲವೇ ನಿಮಿಷದಲ್ಲಿ ದಾಟಬಲ್ಲದು, ಸಂಜೆ ಕಿತ್ತರೂ ತಡವಾಗಿರಬಹುದು. ಔಷಧಿ ಇಲ್ಲ, ಆಸ್ಪತ್ರೆಯಲ್ಲಿ ಆರೈಕೆ ಮಾತ್ರ. ಲಸಿಕೆ ಇದೆ, ಮೂರು ಡೋಸು, ತಿಂಗಳುಗಟ್ಟಲೆ ಅಂತರದಲ್ಲಿ. ಸ್ಲೊವೇನಿಯಾ ಸರ್ಕಾರ 2019ರಿಂದ ಕೆಲವು ವಯಸ್ಸಿನವರಿಗೆ ತನ್ನ ಖರ್ಚಿನಲ್ಲೇ ಹಾಕಿಸುತ್ತಿದೆ. ಪಕ್ಕದ ಆಸ್ಟ್ರಿಯಾದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಒಂದಾದರೂ ಡೋಸ್ ಹಾಕಿಸಿಕೊಂಡಿದ್ದಾರೆ. ನಾವು ಹೊರಡುವ ಮೊದಲು ವಿಚಾರಿಸಿದ ಕಡೆ ಎಲ್ಲೂ ಆ ಲಸಿಕೆ ಇರಲಿಲ್ಲ. ಅಲ್ಲಿ ಓದಲು, ಕೆಲಸಕ್ಕೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಹೋದ ಮೇಲಾದರೂ ಅಲ್ಲಿಯ ಡಾಕ್ಟರ ಹತ್ತಿರ ಈ ಲಸಿಕೆ ಬಗ್ಗೆ ಕೇಳಲು ಹೇಳಿ.

ಹಾಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಉಣುಗು ಕಚ್ಚಿದ ಆಡು, ಕುರಿ, ದನದ ಹಸಿ ಹಾಲಿನಿಂದಲೂ ಈ ಮೆದುಳು ಜ್ವರ ಬರಬಹುದು. 2012ರಲ್ಲಿ ಸ್ಲೊವೇನಿಯಾದಲ್ಲೇ ಆಡಿನ ಹಸಿ ಹಾಲು ಕುಡಿದವರಿಗೆ ಬಂದದ್ದು ದಾಖಲಾಗಿದೆ. ಅಲ್ಲಿಯ ಊರುಗಳಲ್ಲಿ ನಾಣ್ಯ ಹಾಕಿದರೆ ಹಾಲು ಸುರಿಯುವ ಯಂತ್ರಗಳಿವೆ, ಮ್ಲೆಕೊಮಾತ್ ಅನ್ನುತ್ತಾರೆ. ಬರುವುದು ಕಾಯಿಸದ ಹಾಲು. ನಮ್ಮ ಡೇರಿ ನೆನಪಾಗಿ ಬಹಳ ಖುಷಿಯಾಯಿತು, ಆದರೆ ಕಾಯಿಸಿಯೇ ಕುಡಿದೆವು. ಅಜ್ಜಿಯೂ ಕಾಯಿಸುತ್ತಿದ್ದರು.

ಊರಿಗೆ ಬಂದೆವು. ಮಳೆ ಹಿಡಿದಿತ್ತು. ಉಣುಗು ಕಚ್ಚಿದ ಹನ್ನೆರಡನೇ ದಿನಕ್ಕೆ ಹಡಗಲಿಯಿಂದ ಫೋನ್. "ಜ್ವರ ಬಂದೈತಿ, ಮೈಕೈ ನೋವು."

ಲೆಕ್ಕ ಹಾಕಿದರೆ ಹೊಂದುತ್ತಿತ್ತು. ಸಾಮಾನ್ಯವಾಗಿ ಒಂದರಿಂದ ಎರಡು ವಾರದೊಳಗೆ, ಕೆಲವರಿಗೆ ನಾಲ್ಕು ವಾರದವರೆಗೂ. ಅವನು ಮೊದಲು ಹೋದ ಆಸ್ಪತ್ರೆಯಲ್ಲಿ ಡೆಂಗಿ, ಟೈಫಾಯ್ಡ್ ಪರೀಕ್ಷೆಗೆ ಬರೆದು, ಉಣುಗಿನ ಮಾತಿಗೆ ನಕ್ಕರಂತೆ. "ಯುರೋಪಿನ ಜ್ವರ ಹಡಗಲಿಗೆ ಎಲ್ಲಿಂದ ಬರಬೇಕು ಮಾರಾಯಾ" ಅಂದರಂತೆ. ಡೆಂಗಿ ನೋಡಿದ್ದು ತಪ್ಪಲ್ಲ, ಮಳೆಗಾಲ, ಅದೇ ಹೆಚ್ಚು. ಆದರೆ ರೋಗಿ ತಾನೇ ಬಾಯಿಬಿಟ್ಟು ಎಲ್ಲಿಗೆ ಹೋಗಿದ್ದೆ, ಏನು ಕಚ್ಚಿತು, ಯಾವತ್ತು ಎಂದು ಹೇಳಿದಾಗ ಅದನ್ನು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಲು ಏನು ಕಷ್ಟ? ಸಿದ್ದಾಪುರದವ ಫೋನಿನಲ್ಲೇ ಹಟ ಹಿಡಿದ. ಬರೆದುಕೊಳ್ಳುವ ಡಾಕ್ಟರು ಸಿಗುವ ತನಕ ಬಿಡಬೇಡ ಎಂದ. ಚಿಕ್ಕಪ್ಪನ ಜ್ವರವನ್ನೂ ಮೊದಲ ನಾಲ್ಕು ದಿನ ಎಲ್ಲರೂ ಸಾದಾ ಜ್ವರ ಅಂದಿದ್ದರು.

ಎರಡನೇ ಡಾಕ್ಟರು ಬರೆದುಕೊಂಡರು. ಟೇಪಿಗೆ ಅಂಟಿಸಿದ್ದ ಉಣುಗಿನ ಫೋಟೊ ನೋಡಿದರು. ಅವರು ಹೇಳಿದ ಮಾತು ನಮ್ಮನ್ನು ಇನ್ನಷ್ಟು ಕಾಡಿತು: ಜ್ವರ ಬಿಟ್ಟ ಮೇಲೆ ಎಚ್ಚರ. ಆ ಕಾಯಿಲೆಯ ಸ್ವಭಾವವೇ ಹಾಗೆ. ಮೊದಲು ಕೆಲವು ದಿನ ಸಾದಾ ಜ್ವರ. ಆಮೇಲೆ ಪೂರ್ತಿ ಬಿಟ್ಟುಹೋಗುತ್ತದೆ, ಸುಮಾರು ಒಂದು ವಾರ ಮನುಷ್ಯ ಆರಾಮಾಗಿ ಓಡಾಡುತ್ತಾನೆ. ಕೆಲವರಿಗೆ ಅದರ ನಂತರ ಎರಡನೇ ಸಲ ಬರುತ್ತದೆ, ವಿಪರೀತ ತಲೆನೋವು, ಕತ್ತು ಬಿಗಿತ, ಗೊಂದಲ. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಹೀಗೆ ಎರಡು ಸುತ್ತು ಬರುವುದನ್ನು ನಾವು ವರದಿ ಮಾಡುವಾಗ ಕೇಳಿದ್ದೆವು.

ನಾಲ್ಕನೇ ದಿನ ಅವನ ಜ್ವರ ಬಿಟ್ಟಿತು. ಅವರ ಮನೆಯಲ್ಲಿ ಪಾಯಸ ಮಾಡಿದರು. ನಾವಿಬ್ಬರು ಇಲ್ಲಿ ದಿನ ಎಣಿಸಿದೆವು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಫೋನ್. "ತಲೆ ನೋಯ್ತದಾ? ಗದ್ದ ಎದೆಗೆ ತಾಗ್ತದಾ ನೋಡು." ಮೂರನೇ ದಿನಕ್ಕೆ ಅವನಿಗೆ ಸಿಟ್ಟು ಬಂತು. "ನನ್ನ ಹೆಂಡ್ತಿ ಇಷ್ಟ್ ಕೇಳೂದಿಲ್ಲ, ಇಡ್ರಲೇ ಫೋನು." ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಮತ್ತೆ ಜ್ವರ ಬರಲಿಲ್ಲ, ಮಂಡಿಯ ಹಿಂದೆ ಕೆಂಪು ಬಳೆಯೂ ಏಳಲಿಲ್ಲ. ಡೆಂಗಿ ಅಲ್ಲ, ಟೈಫಾಯ್ಡ್ ಅಲ್ಲ ಎಂದು ರಿಪೋರ್ಟ್ ಬಂದಿತ್ತು. ಯಾವ ಜ್ವರ ಎಂದು ಯಾರೂ ಹೇಳಲಿಲ್ಲ. ಈಗ ಅವನು ಎಂದಿನಂತೆ ತುಂಗಭದ್ರಾ ಹಿನ್ನೀರಿನ ಸುದ್ದಿ ಕಳಿಸುತ್ತಿದ್ದಾನೆ. ಈ ಖರ್ಚು ಯಾವುದೂ ವಿಮೆಗೆ ಬರಲಿಲ್ಲ. ಊರಿಗೆ ಕಾಲಿಟ್ಟ ದಿನವೇ ಆ ಪಾಲಿಸಿ ಮುಗಿದಿತ್ತು. ನೀವು ಮಾಡಿಸುವಾಗ ಆ ಸಾಲನ್ನೂ ಓದಿ.

ಅಜ್ಜಿ ಒಂದು ಪ್ರಶ್ನೆ ಕೇಳಿದ್ದರು. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ನಿಮ್ಮ ಊರಲ್ಲೂ ಕ್ಲೋಪ್ ಇದೆಯಲ್ಲ, ನಿಮಗೆ ಲಸಿಕೆ ಇದೆಯಾ ಎಂದು. ಇತ್ತು, ಪರಿಣಾಮ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು, ಹೊಸದರ ಕೆಲಸ ನಡೆದಿದೆ ಎಂದೆವು. ಅಜ್ಜಿ ತಲೆ ಆಡಿಸಿ, "ಹಾಗಾದರೆ ಕಾಡಿಗೆ ಯಾರು ಹೋಗುತ್ತಾರೆ?" ಎಂದು ಕೇಳಿದರು. ಅಲ್ಲಿ ಕಾಡಿಗೆ ಹೋಗುವವರು ಹೆಚ್ಚಾಗಿ ಬೂಟು ಹಾಕಿ ರಜೆಗೆ ಬಂದವರು, ಅಣಬೆ ಆರಿಸುವವರು. ದರಕು, ಸೊಪ್ಪು, ಸೌದೆ ಅಂತ ದಿನಾ ಬರಿಗಾಲಲ್ಲಿ ಬೆಟ್ಟ ಹತ್ತುವವರ ವಿಷಯವನ್ನು ಮೊಮ್ಮಗಳಿಗೆ ಹೇಗೆ ವಿವರಿಸುವುದೋ ತಿಳಿಯಲಿಲ್ಲ. ಸಿದ್ದಾಪುರದವ ಮೊಬೈಲಿನಲ್ಲಿ ಚಿಕ್ಕಪ್ಪನ ಫೋಟೊ ತೋರಿಸಿದ. ಅಷ್ಟೇ ನಡೆದದ್ದು.

ಹೊರಡುವ ದಿನ ಲೆಕಾರ್ನಾ, ಅಂದರೆ ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಯಲ್ಲಿ ಉಣುಗು ಕೀಳುವ ನಾಲ್ಕು ಚಿಮಟ ಕೊಂಡೆವು. ಒಂದೊಂದು ನಮ್ಮಲ್ಲಿದೆ, ನಾಲ್ಕನೆಯದು ಸಾಗರ ಕಡೆಯ ಒಬ್ಬ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. ನಮಗೂ ತರಿಸಿ ಕೊಡಿ ಎಂದು ಕೆಲವರು ಕೇಳಿದ್ದಾರೆ. ಅಷ್ಟು ದೂರದಿಂದ ತರಿಸಬೇಕಾಗಿಲ್ಲ. ಫ್ಯಾನ್ಸಿ ಸ್ಟೋರಿನಲ್ಲಿ ಹುಬ್ಬು ಕೀಳುವ ಚಿಮಟ ಸಿಗುತ್ತದೆ, ತುದಿ ಚೂಪಾಗಿ ಒಂದಕ್ಕೊಂದು ಸರಿಯಾಗಿ ಕೂಡುತ್ತದಾ ನೋಡಿ ಕೊಳ್ಳಿ. ಡಿಸೆಂಬರ್‌ಗೆ ಮೊದಲು ಕೊಂಡಿಡಿ.